ಖಾಲಿ ಇರದ ಕುರ್ಚಿಗೆ ಕರೆ

ಮೊಬೀಲ್, ಅಲಬಾಮಾ
ಜನವರಿ ೯

ಪ್ರೀತಿಯ ರೋಲಂಡ್,

ನೀನು, ಶರೀನ್, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಭಾನುವಾರ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಇವತ್ತಿನವರೆಗೂ ಉತ್ತರ ಕೊಡಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಯೋಚನೆ ಮಾಡಿ ಹೇಳುತ್ತೇನೆ ಎಂದು ಫೋನು ಇಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ, ಅದು ಇಳಿಯಲಿಲ್ಲ. ಫೋನಿನಲ್ಲಿ ನನಗೆ ಸರಿಯಾಗಿ ಮಾತಾಡಲು ಬರುವುದಿಲ್ಲ. ನಾನು ವಿಷಯಕ್ಕೆ ಬರುವುದರೊಳಗೆ ನಿನ್ನನ್ನು ಯಾರೋ ಮೀಟಿಂಗಿಗೆ ಕರೆಯುತ್ತಾರೆ. ಅದಕ್ಕೇ ಈ ಕಾಗದ. ಬೇಗ ತಲುಪುವ ಅಂಚೆಯಲ್ಲೇ ಹಾಕುತ್ತೇನೆ.

ಇಲ್ಲಿ ನಾನು ಚೆನ್ನಾಗಿದ್ದೇನೆ. ನಿನ್ನಪ್ಪ ಹೋದ ಮೇಲೆ ಅಡುಗೆಯ ಅಳತೆ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಸೊಪ್ಪು ಬೇಯಿಸಿದರೆ ಪಾತ್ರೆ ತುಂಬ ಆಗುತ್ತದೆ. ಪಕ್ಕದ ಮನೆಯ ಒಡೆಸ್ಸಾಳಿಗೆ ಕೊಟ್ಟರೆ ಉಪ್ಪು ಸಾಲದು ಅನ್ನುತ್ತಾಳೆ, ಮರುದಿನ ಪಾತ್ರೆ ತೊಳೆದು ತಂದಿಡುತ್ತಾಳೆ. ನಿನ್ನಪ್ಪನ ಕೋಟುಗಳನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಟೋಪಿಗಳನ್ನು ಕೊಟ್ಟೆ. ಕೋಚ್ ಕೆಲಸದ ಸಂದರ್ಶನಕ್ಕೆ ಹೋದಲ್ಲೆಲ್ಲ ಒಂದೊಂದು ಫುಟ್‌ಬಾಲ್ ತಂಡದವರು ಒಂದೊಂದು ಟೋಪಿ ಕೊಟ್ಟು ಕಳಿಸುತ್ತಿದ್ದರಲ್ಲ, ಅವು. ಚರ್ಚಿನ ಸಹಾಯಾರ್ಥ ಮಾರಾಟಕ್ಕೆ ಹಾಕಿದೆ. ಈಗ ಭಾನುವಾರ ಪ್ರಾರ್ಥನೆ ಮುಗಿದು ಹೊರಗೆ ಬಂದರೆ, ನಿನ್ನಪ್ಪನಿಗೆ ಕೆಲಸ ಕೊಡದ ತಂಡಗಳೆಲ್ಲ ನಮ್ಮ ಗಂಡಸರ ತಲೆಯ ಮೇಲೆ ಕೂತಿರುತ್ತವೆ. ಹಜಾಮತಿ ಅಂಗಡಿಯ ಪರ್ವಿಸ್ ಒಂದನ್ನು ಹಾಕಿಕೊಂಡು ನನ್ನ ಎದುರಿಗೇ ಅಂದ, "ಆಲ್ಟನ್ ಅಣ್ಣಂಗೆ ಅವರು ಏನೂ ಕಮ್ಮಿ ಮಾಡ್ಲಿಲ್ಲ ಅಕ್ಕಾ. ಹೋಟೆಲ್ ರೂಮ್ ಕೊಟ್ರು, ಕಾಫಿ ಕೊಟ್ರು, ಟೋಪೀನೂ ಹಾಕಿದ್ರು." ನನಗೂ ನಗು ಬಂತು. ಆಮೇಲೆ ಇಡೀ ದಿನ ತಲೆ ಸಿಡಿಯಿತು.

ಇನ್ನೊಂದು ಕೇಳು. ನಮ್ಮ ಚರ್ಚಿನ ಹಾಡಿನ ಮೇಳಕ್ಕೆ ಹೊಸ ಮುಖ್ಯಸ್ಥರು ಬೇಕಾಗಿ ಒಂದು ಸಮಿತಿ ಮಾಡಿದರು, ನನ್ನನ್ನೂ ಸೇರಿಸಿದರು. ಕೆಲಸ ಪಾದ್ರಿಗಳ ತಂಗಿಯ ಮಗಳಿಗೆ ಎಂಬುದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ಹೊತ್ತಿಗೇ ಎಲ್ಲರಿಗೂ ಗೊತ್ತಿತ್ತು. ಆದರೂ ಇಬ್ಬರು ಹೊರಗಿನವರನ್ನು ಕರೆಸಿ ಹಾಡಿಸಿದರು. ಒಬ್ಬಾಕೆ ಪೆನ್ಸಕೋಲಾದಿಂದ ಮಳೆಯಲ್ಲಿ ಕಾರು ಓಡಿಸಿಕೊಂಡು ಬಂದಿದ್ದಳು. ಎಷ್ಟು ಚೆನ್ನಾಗಿ ಹಾಡಿದಳೆಂದರೆ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾಕೆ ಕರೆಸಿದಿರಿ ಎಂದು ನಾನು ಕೇಳಿದರೆ, ಮೂವರನ್ನಾದರೂ ನೋಡಬೇಕೆಂದು ಚರ್ಚಿನ ನಿಯಮವಿದೆ ಎಂದಳು ಒಡೆಸ್ಸಾ. ನಾನು ಸಭೆಯಲ್ಲಿ ಬಾಯಿ ಬಿಡುವವಳಲ್ಲ, ನಿನಗೆ ಗೊತ್ತು. ಅವತ್ತು ಬಿಟ್ಟೆ. "ನೋಡೋದು ಅಂದ್ರೆ ಏನು ಒಡೆಸ್ಸಾ? ಕಣ್ಣು ಬಿಟ್ಕೊಂಡು ನೋಡೋದಾ, ಮುಚ್ಕೊಂಡು ನೋಡೋದಾ?" ಅಂದೆ. ಪಾದ್ರಿಗಳು ಪ್ರಾರ್ಥನೆ ಮಾಡೋಣ ಎಂದುಬಿಟ್ಟರು.

ಇರಲಿ, ನಿನ್ನ ವಿಷಯಕ್ಕೆ ಬರುತ್ತೇನೆ.

ಸ್ಟ್ರೇಕ್ ಅವರ ತಂಡ ಹೆಡ್ ಕೋಚ್ ಹುದ್ದೆಗೆ ನಿನ್ನನ್ನು ಮಾತಾಡಲು ಕರೆದಿದೆ ಎಂದು ನೀನು ಹೇಳಿದಾಗ ಯೋಚನೆ ಮಾಡುತ್ತೇನೆ ಎಂದಷ್ಟೇ ಅಂದೆ. ಸಂತೋಷಕ್ಕೆ ಹಾಗೆ ಅಂದೆ ಎಂದು ನೀನು ತಿಳಿದುಕೊಂಡಿರಬಹುದು. ರೋಲಂಡ್, ಆ ಕೆಲಸ ಯಾರಿಗೆ ಎಂದು ಕ್ರಿಸ್‌ಮಸ್‌ಗೆ ಮೊದಲಿನಿಂದಲೇ ಟಿವಿಯವರು ಹೇಳುತ್ತಿದ್ದಾರೆ. ಆ ಮನುಷ್ಯ ಮನೆ ನೋಡಿಕೊಂಡೂ ಹೋಗಿದ್ದಾನಂತೆ. ಹೆಡ್ ಕೋಚ್ ಜಾಗ ಖಾಲಿಯಾದರೆ ನಮ್ಮಂಥ ಕಪ್ಪು ಜನರನ್ನೂ ಕರೆದು ಮಾತಾಡಿಸಿದ ಮೇಲೆಯೇ ತುಂಬಬೇಕೆಂದು ಲೀಗಿನ ನಿಯಮ. ಮಾತಾಡಿಸಿಬಿಟ್ಟರೆ ಅವರ ಲೆಕ್ಕ ಮುಗಿಯಿತು. ಅಷ್ಟಕ್ಕೆ ನೀನು ಬೇಕು. ನಿನ್ನಪ್ಪ ಬೇಕಾಗಿದ್ದದ್ದೂ ಅಷ್ಟಕ್ಕೇ, ಅದೇ ಕಟ್ಟಡದಲ್ಲಿ, ಅದೇ ಮಾಲೀಕರಿಗೆ.

ನಿಯಮವನ್ನು ಬೈದರೆ ನಿನ್ನಪ್ಪ ಒಪ್ಪುತ್ತಿರಲಿಲ್ಲ. "ಮುಂಚೆ ಅವರ ಹತ್ರ ನನ್ನ ಫೋನ್ ನಂಬರೂ ಇರ್ಲಿಲ್ಲ ಕಣೇ ವರ್ನಿ. ಈಗ ಕರೀತಾರೆ. ಕರ್ದು ಕರ್ದು ಒಂದಿನ ಕೊಡ್ತಾರೆ" ಅನ್ನುತ್ತಿದ್ದರು. ಕೆಲವರಿಗೆ ಕೊಟ್ಟೂ ಇದ್ದಾರೆ, ಇಲ್ಲವೆನ್ನಲಾರೆ. ಆದರೆ ನನಗೆ ಅರ್ಥವಾಗದ್ದು ಒಂದೇ. ಮನಸ್ಸಿಲ್ಲದವನಿಗೆ ಬಾಗಿಲು ತೆಗೆ ಎಂದು ನಿಯಮ ಹೇಳಿದರೆ ಅವನು ಬಾಗಿಲನ್ನಷ್ಟೇ ತೆಗೆಯುತ್ತಾನೆ. ಒಳಗೆ ಕೂತವರ ಮಾತಿಗೆ ಕಿವಿ ಕೊಡು ಎಂದು ಯಾವ ನಿಯಮ ಹೇಳಲು ಸಾಧ್ಯ?

ಅವತ್ತಿನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ನೀನಾಗ ಹೊಸದಾಗಿ ಕೋಚಿಂಗ್ ಕೆಲಸಕ್ಕೆ ಸೇರಿದ್ದೆ. ಮಗನ ಉತ್ಸಾಹ ಕುಗ್ಗಬಾರದೆಂದು ಅವರು ನಿನಗೆ ಹೇಳಲಿಲ್ಲ, ಹೇಳಬೇಡ ಎಂದು ನನಗೂ ಅಂದರು.

ಕರೆ ಬಂದ ಕೂಡಲೇ ಅವರು ಏನು ಮಾಡುತ್ತಿದ್ದರು ನಿನಗೆ ಗೊತ್ತಲ್ಲ, ನೀವೆಲ್ಲ ಮಾಡುವುದೇ. ಕೆಲಸ ಸಿಕ್ಕರೆ ಜೊತೆಗೆ ಯಾರು ಯಾರು ಬರುತ್ತಾರೆ ಎಂದು ಮೊದಲು ಗೊತ್ತು ಮಾಡಿಕೊಳ್ಳುವುದು. ಮುಂಚೂಣಿಯ ಆಟಗಾರರನ್ನು ಪಳಗಿಸಲು ಅವರಿಗೆ ಯಾವಾಗಲೂ ಹಾಲಿಸ್ ಬೇಕು. ಹಾಲಿಸ್ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನ ಸುತ್ತಿದವನು. ಬಿಳಿಯರಲ್ಲಿ ನಮ್ಮ ಮನೆಯ ಅಡುಗೆಮನೆಗೇ ನೇರವಾಗಿ ಬಂದು ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದವನು ಅವನೊಬ್ಬನೇ. ಅವನಿಗೆ ಫೋನು ಮಾಡಿದಾಗ ನಾನು ಮೇಜಿನ ಆ ಕಡೆ ಬಟಾಣಿ ಬಿಡಿಸುತ್ತಿದ್ದೆ. ಅಪ್ಪ ಫೋನನ್ನು ಜೋರಾಗಿ ಕೇಳುವಂತೆ ಇಟ್ಟುಕೊಂಡಿದ್ದರು.

"ಹಾಲಿಸ್, ಗುರುವಾರ ಸ್ಟ್ರೇಕ್ ಹತ್ರ ಹೋಗ್ತಿದೀನಿ. ಸಿಕ್ರೆ ಬರ್ತೀಯೇನೋ ನನ್ ಜೊತೆ?"

ಹಾಲಿಸ್‌ನ ಹಿಂದೆ ಯಾರೋ ತರಬೇತಿಯ ಸೀಟಿ ಊದುವುದು ಕೇಳುತ್ತಿತ್ತು.

"ಆಲ್ಟನ್, ನಾನು ಈಗ ಅಲ್ಲೇ ಇದೀನಿ ಮಾರಾಯ" ಎಂದ. "ಹೋದ ವಾರಾನೇ ಬಂದೆ. ಹೆಡ್ ಕೋಚ್ ಆಗೋನು ನಮ್ಮನ್ನೆಲ್ಲ ಕರ್ಕೊಂಡು ಬಂದಿದಾನೆ. ನಿನ್ನ ಕರೆದಿರೋದು ನಂಗೆ ಗೊತ್ತಿರ್ಲಿಲ್ಲ, ದೇವರಾಣೆ."

ಅಪ್ಪ ಸಿಟ್ಟಾಗಲಿಲ್ಲ. ಹೆಂಡತಿ ಡಾಟ್ ಹೇಗಿದ್ದಾಳೆ, ಮನೆ ಸಿಕ್ಕಿತಾ ಎಂದು ವಿಚಾರಿಸಿದರು. ಅಲ್ಲಿ ಚಳಿ ಜಾಸ್ತಿ, ದಪ್ಪ ಕೋಟು ತಗೋ ಎಂದೂ ಹೇಳಿದರು. ಫೋನು ಇಟ್ಟು ನನ್ನ ಎದುರು ಕೂತು ಬಟಾಣಿ ಬಿಡಿಸತೊಡಗಿದರು. ಇನ್ನೇನು, ಹೋಗುವುದಿಲ್ಲ ತಾನೇ ಎಂದು ನಾನು ಕೇಳಿದೆ. ಹೋಗುತ್ತೇನೆ ಎಂದರು. ಹೋಗದಿದ್ದರೆ ಕರೆದೆವು, ಅವನೇ ಬರಲಿಲ್ಲ ಅನ್ನುತ್ತಾರೆ, ಆಮೇಲೆ ಬರುವ ಹುಡುಗರಿಗೂ ಅದೇ ಮಾತು ಅಂಟಿಕೊಳ್ಳುತ್ತದೆ ಎಂದರು. ಯಾವ ಹುಡುಗರು ಎಂದು ನಾನು ಕೇಳಲಿಲ್ಲ. ಗೋಡೆಯ ಮೇಲೆ ನಿನ್ನ ಫೋಟೋ ಇತ್ತು.

ಹೋಗಿ ಬಂದರು. ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಎಲ್ಲ ಹೇಳಿದರು. ಸ್ಟ್ರೇಕ್ ಒಳ್ಳೆಯ ಮನುಷ್ಯನಂತೆ ಮಾತಾಡಿದನಂತೆ. ಮೊಬೀಲ್ ಕೊಲ್ಲಿಯಲ್ಲಿ ಈಗ ಯಾವ ಮೀನು ಸಿಗುತ್ತದೆ ಎಂದು ಕೇಳಿದನಂತೆ. ಅಪ್ಪ ಹೇಳಿದರಂತೆ. ಯಾವ ಗಾಳ ಒಳ್ಳೆಯದು ಎಂದು ಕೇಳಿದನಂತೆ, ಅದಕ್ಕೂ ಹೇಳಿದರಂತೆ. ಕಳೆದ ವರ್ಷ ತಂಡ ಯಾಕೆ ಸೋತಿತು, ಏನು ಮಾಡಬೇಕು ಎಂದು ಅಪ್ಪ ತಾವಾಗಿಯೇ ಶುರು ಮಾಡಿದಾಗ, ನಿಮ್ಮ ವಿಮಾನಕ್ಕೆ ಹೊತ್ತಾಗುವುದಿಲ್ಲವೇ ಎಂದನಂತೆ. "ಮೀನಿನ ವಿಷಯದಲ್ಲಿ ನಾನು ಪಾಸ್ ಕಣೇ" ಎಂದು ನಕ್ಕರು. ನಾನು ಕಾರಿನ ಕಿಟಕಿ ಇಳಿಸಿದೆ.

ಇಷ್ಟೇ ಆಗಿದ್ದರೆ ನಾನು ಮರೆತುಬಿಡುತ್ತಿದ್ದೆ. ಹೊರಗೆ ಬರುವಾಗ ಕೆಳಗಿನ ದೊಡ್ಡ ಕೋಣೆಯಲ್ಲಿ ಪತ್ರಕರ್ತರಿಗಾಗಿ ಕುರ್ಚಿ ಸಾಲು ಹಾಕುತ್ತಿದ್ದರಂತೆ. ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮವನೇ ಒಬ್ಬ ವಯಸ್ಸಾದವನು ಇವರ ಸೂಟು ನೋಡಿದ, ಇವರೇ ಹೊಸ ಹೆಡ್ ಕೋಚ್ ಎಂದುಕೊಂಡು ಕುರ್ಚಿ ಬಿಟ್ಟು ಓಡಿ ಬಂದ, ಎರಡು ಕೈಯಲ್ಲೂ ಇವರ ಕೈ ಹಿಡಿದುಕೊಂಡನಂತೆ. "ಕೋಚ್, ನಾನು ಕಣ್ಮುಚ್ಚೋದ್ರೊಳಗೆ ಇದನ್ನ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ" ಎಂದನಂತೆ.

ನೀವು ಏನು ಹೇಳಿದಿರಿ ಎಂದು ಕೇಳಿದೆ.

"ಥ್ಯಾಂಕ್ಸ್ ಅಂದೆ. ಇನ್ನೇನು ಹೇಳ್ಲಿ ವರ್ನಿ? ಅವನ ಮುಖ ನೀನು ನೋಡ್ಲಿಲ್ಲ."

ಮಾರನೆಯ ದಿನ ಬೆಳಿಗ್ಗೆ ಟಿವಿಯಲ್ಲಿ ಆ ಕುರ್ಚಿಗಳ ಮೇಲೆ ಪತ್ರಕರ್ತರು ಕೂತಿದ್ದರು. ಹುದ್ದೆಗೆ ಬಹಳ ಸಮರ್ಥರಾದ ಹಲವರನ್ನು ಭೇಟಿ ಮಾಡಿದೆವು ಎಂದು ಸ್ಟ್ರೇಕ್ ಹೇಳಿದ. ಸುಳ್ಳೇನೂ ಅಲ್ಲ. ಅದೇ ನನಗೆ ತಡೆಯಲಾಗದ್ದು. ಅವರು ಹೇಳುವುದರಲ್ಲಿ ಒಂದು ಮಾತೂ ಸುಳ್ಳಿರುವುದಿಲ್ಲ.

ಅಂತ್ಯಸಂಸ್ಕಾರಕ್ಕೆ ಲೀಗಿನಿಂದ ಬಂದಿದ್ದವರು ನನ್ನ ಕೈ ಹಿಡಿದು, ನಿಮ್ಮ ಯಜಮಾನರಷ್ಟು ಸಲ ಹೆಡ್ ಕೋಚ್ ಹುದ್ದೆಗೆ ಪರಿಗಣಿತರಾದವರು ಅಪರೂಪ ಎಂದರು. ಗೌರವದಿಂದಲೇ ಅಂದರು ಪಾಪ. ಊಟ ಮಾಡಿಕೊಂಡು ಹೋಗಿ ಎಂದೆ. ಮತ್ತೆ ಏನು ಅನ್ನಲಿ?

ಅಪ್ಪ ಹೋಗಿದ್ದರು, ನಾನು ಹೋಗದೆ ಇರುವುದು ಹೇಗೆ ಎಂದು ನೀನು ಕೇಳಿದೆ. ನನ್ನ ಮಾತು ಇಷ್ಟೇ, ಹೋಗಬೇಡ. ಅವರು ನಿನ್ನ ಪಾಲಿನದನ್ನೂ ಸೇರಿಸಿಯೇ ಹೋಗಿ ಬಂದಿದ್ದಾರೆ. ಅದೇ ಕೋಣೆಯಲ್ಲಿ, ಅದೇ ಮೇಜಿನ ಮುಂದೆ ನಮ್ಮ ಮನೆತನದ ಇನ್ನೊಬ್ಬ ಪ್ರೂಯಿಟ್ ಕೂತು ಮೀನಿನ ಕಥೆ ಹೇಳುವುದು ಬೇಡ. ಹೆಸರು ಕೆಡುತ್ತದೆ ಅನ್ನುತ್ತೀಯ. ಕೆಡಲಿ. ಬೇರೆ ತಂಡದವರು ನಿಜವಾಗಿ ಕರೆದ ದಿನ ಹೋಗು. ನಿಜವಾಗಿ ಕರೆದದ್ದು ಹೌದೋ ಅಲ್ಲವೋ ಎಂದು ತಿಳಿಯುವುದು ನಿನಗೇನು ಕಷ್ಟವಲ್ಲ. ನಿನಗೆ ಬೇಕಾದವರಿಗೆ ಫೋನು ಮಾಡಿ ನೋಡು. ಯಾರ ಹಿಂದೆಯೂ ಸೀಟಿ ಕೇಳದಿದ್ದರೆ ಹೊರಡು.

ಶರೀನ್‌ಗೆ ಹೇಳು, ಮಗುವಿನ ಕೆಮ್ಮಿಗೆ ರಾತ್ರಿ ಮಲಗುವಾಗ ಜೇನು ಕೊಡಲಿ. ನೀನು ಗಂಟಲು ಹರಿಯುವಂತೆ ಕೂಗುವುದು ಕಡಿಮೆ ಮಾಡು, ಟಿವಿಯಲ್ಲಿ ನೋಡುತ್ತಿರುತ್ತೇನೆ. ದೇವರು ನಿನ್ನ ಮನೆಯ ಮೇಲೆ ಕೈ ಇಟ್ಟಿರಲಿ. ನೀನು ಬಾಯಿ ತೆರೆದಾಗ ಎದುರಿಗಿರುವವರಿಗೆ ಕಿವಿ ಕೊಡುವ ಮನಸ್ಸು ಬರಲಿ. ಈಗೀಗ ನಾನು ಪ್ರಾರ್ಥನೆಯಲ್ಲಿ ಬೇರೇನನ್ನೂ ಕೇಳುತ್ತಿಲ್ಲ.

ನಿನ್ನ ಅಮ್ಮ,
ವರ್ನಿಸ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ನೀನು ಬರುವುದಕ್ಕೆ ಹಿಂದಿನ ದಿನ, ಬೆಳಿಗ್ಗೆ, ಡಾಕ್ಟರಮ್ಮ ದಿನವೂ ಕೇಳುವ ಪ್ರಶ್ನೆಗಳನ್ನು ಕೇಳಲು ಬಂದರು. ನಿಮ್ಮ ಹೆಸರೇನು, ಈಗ ಯಾವ ವರ್ಷ, ನಾವು ಎಲ್ಲಿದ್ದೇವೆ, ಇಂಥವು. ಮಿದುಳು ಎಷ್ಟು ಸ್ಥಿಮಿತದಲ್ಲಿದೆ ಎಂದು ನೋಡಲು. ನಿನ್ನಪ್ಪ ಹೆಸರು ಹೇಳಿದರು. ಆಮೇಲೆ ದಿಂಬಿನಿಂದ ಎದ್ದು ನೆಟ್ಟಗೆ ಕೂತರು, ಆಸ್ಪತ್ರೆಯ ಅಂಗಿಯ ಕೊರಳು ಸರಿಮಾಡಿಕೊಂಡರು.

"ಮೇಡಂ, ಒಂದ್ಮಾತು ಮೊದ್ಲೇ ಕೇಳ್ತೀನಿ" ಎಂದರು. "ಈ ಕೆಲಸ ಆಗ್ಲೇ ಬೇರೆಯವ್ರಿಗೆ ಕೊಟ್ಟಾಗಿದ್ಯಾ? ಆಗಿದ್ರೆ ಹೇಳ್ಬಿಡಿ. ನಂಗೇನೂ ಬೇಜಾರಿಲ್ಲ, ಮನೆಗೆ ಹೋಗ್ತೀನಿ. ಹೊರಗೆ ನನ್ನ ಹೆಂಡ್ತಿ ಕಾಯ್ತಿದಾಳೆ."

ನಾನು ಅವರ ಪಕ್ಕದಲ್ಲೇ ಕೂತಿದ್ದೆ ರೋಲಂಡ್. ಅವರ ಕೈ ನನ್ನ ಕೈಯಲ್ಲಿತ್ತು.

ಡಾಕ್ಟರಮ್ಮ ನನ್ನ ಮುಖ ನೋಡಿದರು. ಕುರ್ಚಿ ಎಳೆದುಕೊಂಡು ಕೂತರು. "ಇಲ್ಲ ಕೋಚ್, ಯಾರಿಗೂ ಕೊಟ್ಟಿಲ್ಲ. ನೀವು ಹೇಳಿ" ಎಂದರು.

ನಿನ್ನಪ್ಪ ಹೇಳಿದರು. ಸೋತು ಸುಣ್ಣವಾದ ತಂಡವನ್ನು ಮೊದಲ ವಾರ ಹೇಗೆ ಮಾತಾಡಿಸಬೇಕು ಎನ್ನುವುದರಿಂದ ಶುರು ಮಾಡಿದರು. ಪಾರ್ಶ್ವವಾಯು ಹೊಡೆದ ಮೇಲೆ ತೊದಲುತ್ತಿದ್ದ ನಾಲಿಗೆ ಅವತ್ತು ತೊದಲಲಿಲ್ಲ. ಆಟದ ಸಂಗತಿ ನನಗೆ ಅರ್ಧವೂ ತಿಳಿಯುವುದಿಲ್ಲ, ಆದರೂ ಅವರು ಎಷ್ಟು ದೊಡ್ಡ ಕೆಲಸಗಾರರೆಂದು ನನಗೆ ತಿಳಿದದ್ದು ಅವತ್ತು. ಬಾಗಿಲಲ್ಲಿ ನರ್ಸ್ ಬಂದು ನಿಂತಳು, ಡಾಕ್ಟರಮ್ಮ ಕೈಸನ್ನೆ ಮಾಡಿ ಕಳಿಸಿದರು.

ಹೋಗಲೇಬೇಕೆಂದು ನಿನ್ನ ಮನಸ್ಸು ಹೇಳಿದರೆ ಹೋಗು, ನಾನು ತಡೆಯುವುದಿಲ್ಲ. ಆದರೆ ಕೂತ ಕೂಡಲೇ ಸ್ಟ್ರೇಕ್‌ನನ್ನು ನಿನ್ನಪ್ಪ ಕೇಳಿದ ಆ ಮಾತು ಕೇಳು. ಆಸ್ಪತ್ರೆ ಮಂಚದ ತನಕ ಕಾಯಬೇಡ.

ಡಾಕ್ಟರಮ್ಮ ಎದ್ದು ಕೈ ಕುಲುಕಿ ಹೋದ ಮೇಲೆ ಅವರು ನನ್ನ ಕಡೆ ತಿರುಗಿದರು. ಬಹಳ ದಣಿದಿದ್ದರು. "ಈ ಸಲ ಸಿಗುತ್ತೆ ಕಣೇ ವರ್ನಿ. ಅವರು ಕೇಳಿಸ್ಕೊಂಡ್ರು. ರೋಲಂಡ್‌ಗೆ ಹೇಳು" ಎಂದರು.

ನೀನು ಬರುವ ಹೊತ್ತಿಗೆ ಅವರು ಹೋಗಿದ್ದರು, ನನಗೆ ಬಾಯಿ ಬರಲಿಲ್ಲ. ಈಗ ಹೇಳಿದ್ದೇನೆ.