ನನ್ನ ಅಳಿಯ, ಸರ್ಕಾರದವನಲ್ಲ

ಮಾರ್ಚ್ ೩. ಮಧ್ಯಾಹ್ನ.

ಇವತ್ತೂ ರೇಡಿಯೋ ಇಲ್ಲ. ಪರದೆ ಎಳೆದಿದೆ. ಪಾತ್ರೆ ತೊಳೆಯುವಾಗ ಸಿಂಕಿನಲ್ಲಿ ಬಟ್ಟೆ ಹಾಸಿಕೊಳ್ಳಬೇಕು, ಸದ್ದಾಗಬಾರದು. ಒಂದು ಚಮಚ ಕೈಜಾರಿತು — ಮಗಳು ನಾನು ಬಾಂಬು ಹಾಕಿದ ಹಾಗೆ ನೋಡಿದಳು.

"ಅಮ್ಮಾ! ಅವರು ಮಲಗಿದ್ದಾರೆ."

ಮಲಗಿಲ್ಲ. ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದಾನೆ. ನನಗೂ ಗೊತ್ತು, ಅವಳಿಗೂ ಗೊತ್ತು. ಮಲಗಿದ್ದಾನೆ ಎಂಬುದು ಕಟ್ಟಡದವರಿಗೆ ಹೇಳುವ ಮಾತು. ಅಳಿಯನಿಗೆ ನೈಟ್ ಶಿಫ್ಟ್. ಸೆಕ್ಯುರಿಟಿಯೋ ಗೋಡೌನೋ... ಕೇಳಿದವರಿಗೆ ಒಂದೊಂದು ಸಲ ಒಂದೊಂದು. ನಿಜವೇನೆಂದರೆ ಅವನಿದ್ದ ಫ್ರಿಜ್ ಕಾರ್ಖಾನೆ ಮುಚ್ಚಿ ವರ್ಷವಾಗುತ್ತ ಬಂತು. ಬಾಗಿಲು ಕೂರಿಸುವ ಲೈನಿನಲ್ಲಿದ್ದ. ಈಗ ಸರ್ಕಾರ ಕೊಡುವ ನಿರುದ್ಯೋಗ ಭತ್ಯೆ, ಮಗಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಅರ್ಧ ದಿನ ದುಡಿದದ್ದು — ಇಷ್ಟರಲ್ಲೇ ಮನೆ ನಡೆಯಬೇಕು. ಗಂಡ, ಹೆಂಡತಿ, ಮೊಮ್ಮಗಳು, ನಾನು.

ಇದನ್ನು ಮುಚ್ಚಿಡಬೇಕಂತೆ. ಯಾಕೆಂದರೆ ಎದುರುಮನೆಯ ಇಸ್ತ್ರಿ. ರಿಟೈರ್ಡ್ ಗುಮಾಸ್ತ, ಹಾಲು ತರಲು ಹೋದರೂ ಇಸ್ತ್ರಿ ಮಾಡಿದ ಶರ್ಟೇ ಆಗಬೇಕು, ಹಾಗಾಗಿ ಆ ಹೆಸರು ನಾನಿಟ್ಟದ್ದು. ಅವನು ಮೆಟ್ಟಿಲ ಮೇಲೆ ನಿಂತು ಯಾರನ್ನೋ ಕುರಿತು ಅಂದನಂತೆ: "ಭತ್ಯೆ ತಿಂದ್ಕೊಂಡು ಬಿದ್ದಿರ್ತಾರೆ, ಸರ್ಕಾರದ ಅಳಿಯಂದಿರು." ಮಗಳು ಅವತ್ತೇ ನೈಟ್ ಶಿಫ್ಟ್ ಹುಟ್ಟಿಸಿದಳು.

ಸರ್ಕಾರದ ಅಳಿಯನಂತೆ. ಹೆಣ್ಣು ಕೊಟ್ಟವಳು ನಾನು. ಮದುವೆ ಊಟ ಹಾಕಿದವಳು ನಾನು. ಅಳಿಯ ಮಾತ್ರ ಸರ್ಕಾರದವನೋ?

"ನೀನು ಬಾಯಿ ಮುಚ್ಕೊಂಡಿರಮ್ಮಾ" ಎಂದಿದ್ದಾಳೆ. ಆಯಿತು. ಕೈ ಕಟ್ಟಿಕೊಂಡಿರು ಎಂದಿಲ್ಲವಲ್ಲ. ಮೊಮ್ಮಗಳ ಹಳೆಯ ನೋಟ್‌ಬುಕ್ಕು ಅರ್ಧ ಖಾಲಿ ಬಿದ್ದಿತ್ತು. ಹಳ್ಳಿ ಮೇಷ್ಟ್ರು ಮೂರನೇ ಕ್ಲಾಸಿನವರೆಗೆ ಹೊಡೆದು ಕಲಿಸಿದ ಅಕ್ಷರ ಇನ್ನೂ ಇದೆ. ಆಡದ ಮಾತು ಒಳಗಿಟ್ಟುಕೊಂಡರೆ ನನಗೆ ಅಜೀರ್ಣ.

ಮಾರ್ಚ್ ೪. ರಾತ್ರಿ.

ದಿನದ ನಾಟಕ ಮುಗಿಯಿತು. ಎಂಟಕ್ಕೆ ಅಳಿಯ ಗಡ್ಡ ಕೆರೆದು, ಬೂಟು ಹಾಕಿ, ಟಿಫನ್ ಡಬ್ಬಿ ಹಿಡಿದು ಮುಂದಿನ ಮೆಟ್ಟಿಲಿಂದ ದಡದಡ ಇಳಿದ. ಇಸ್ತ್ರಿ ಬಾಗಿಲಲ್ಲೇ ನಿಂತಿದ್ದ.

"ಹೊರಟ್ರಾ? ದುಡಿಯೋ ಜೀವ ಸ್ವಾಮಿ! ಈ ಕಾಲದಲ್ಲಿ ನಿಮ್ಮಂಥೋರು ಎಲ್ಲಿ ಸಿಗ್ತಾರೆ?"

ಬೀದಿ ಒಂದು ಸುತ್ತು ಹಾಕಿ, ಬೂಟು ಕೈಯಲ್ಲಿ ಹಿಡಿದು, ಹಿಂದಿನ ಮೆಟ್ಟಿಲಿಂದ ಕಳ್ಳನ ಹಾಗೆ ವಾಪಸ್. ನಮ್ಮ ಅಡುಗೆಮನೆಯಲ್ಲೇ ಕೂತು ಅದೇ ಡಬ್ಬಿ ಬಿಚ್ಚಿದ.

"ಏನಪ್ಪಾ, ಗೋಡೌನ್ ಊಟ ಹೇಗಿದೆ?" ಎಂದೆ.

ನಗಬಾರದೆಂದು ತುಟಿ ಕಚ್ಚಿದ. ಆಗಲಿಲ್ಲ, ನಕ್ಕ. ನಗು ಕೆಮ್ಮಾಯಿತು. ಓಡಿಹೋಗಿ ದಿಂಬಿಗೆ ಮುಖ ಒತ್ತಿಕೊಂಡು ಕೆಮ್ಮಿದ. ಡ್ಯೂಟಿಯಲ್ಲಿರುವ ಮನುಷ್ಯ ಮನೆಯಲ್ಲಿ ಕೆಮ್ಮುವಂತಿಲ್ಲ.

ಮಾರ್ಚ್ ೬.

ತಿಂಗಳಿಗೊಮ್ಮೆ ಭತ್ಯೆ ಕಚೇರಿಗೆ ಹೋಗಿ ಮುಖ ತೋರಿಸಿ ಸಹಿ ಹಾಕಬೇಕು. ಟೋಪಿ ಹುಬ್ಬಿನವರೆಗೆ ಎಳೆದುಕೊಂಡು ಹೊರಟ. ನಾನೂ ಬೆನ್ನು ಹತ್ತಿದೆ.

ಅಲ್ಲಿಯ ಬೆಂಚುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದಾರೆ. ಪೆನ್ನಿಗೆ ದಾರ ಕಟ್ಟಿದ್ದಾರೆ. ಬರುವವರೆಲ್ಲ ಕಳ್ಳರೆಂದು ಮೊದಲೇ ತೀರ್ಮಾನ. ಕ್ಯೂನಲ್ಲಿ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡು ನಿಂತಿದ್ದಾರೆ, ಭತ್ಯೆ ಕೊಡುವುದು ಚಪ್ಪಲಿಯೇ ಎಂಬಂತೆ.

ಕೌಂಟರಿನವನು ಅಳಿಯನನ್ನು ಮೇಲಿಂದ ಕೆಳಗೆ ಅಳೆದ. "ಕೈಕಾಲು ಗಟ್ಟಿಯಾಗೇ ಇದೆಯಲ್ಲ? ಮನಸ್ಸು ಮಾಡಿದ್ರೆ ಕೆಲಸ ಸಿಗಲ್ವಾ?"

ಅಳಿಯ ಪೆನ್ನಿನ ದಾರವನ್ನು ಬೆರಳಿಗೆ ಸುತ್ತತೊಡಗಿದ. ಮಗಳು ನನಗೆ ಬಾಯಿ ಮುಚ್ಚಿಕೊಂಡಿರು ಎಂದದ್ದು ಮನೆಗೆ, ಕಚೇರಿಗಲ್ಲ.

"ಮನಸ್ಸು ಮಾಡಿದಾನಪ್ಪಾ. ನಿನ್ನ ಕುರ್ಚಿ ಖಾಲಿ ಮಾಡು, ಈಗಲೇ ಬಂದು ಕೂರ್ತಾನೆ."

ಹಿಂದೆ ಯಾರೋ ಕಿಸಕ್ಕೆಂದರು. ಕೌಂಟರಿನವನು ಸೀಲು ಒತ್ತಿದ.

ಬಸ್ಸಿನಲ್ಲಿ ಅಳಿಯ, "ಅತ್ತೆ, ನೀವು ಹೀಗೆಲ್ಲ ಮಾತಾಡಿದ್ರೆ ನನ್ನ ಭತ್ಯೆ ಕಾರ್ಡು ಹರಿದು ಹಾಕ್ತಾರೆ" ಎಂದ.

"ಹರೀಲಿ ಬಿಡು, ಹೊಲಿದುಕೊಡ್ತೀನಿ."

ನಗಲಿಲ್ಲ. ಕಿಟಕಿಯ ಕಡೆ ತಿರುಗಿಕೊಂಡ. ಸ್ವಲ್ಪ ಹೆಚ್ಚಾಯಿತೇನೋ... ಆಗಲಿ.

ಮಾರ್ಚ್ ೯. ಬೆಳಿಗ್ಗೆ ಹನ್ನೊಂದು ಗಂಟೆ ದಾಟಿದೆ.

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಬಾಗಿಲು ತಟ್ಟಿದ ಸದ್ದು. ಮಗಳು ಆಗಷ್ಟೇ ಲಾಂಡ್ರಿಯಿಂದ ಬಂದಿದ್ದಳು. ಬಾಗಿಲು ಗೇಣಷ್ಟು ತೆರೆದಳು. ಹೊರಗೆ ಚಿಕ್ಕ ವಯಸ್ಸಿನ ಹೆಂಗಸು, ಹೆಗಲಿಗೆ ಚೀಲ. ಏನೋ ಮಾರಲು ಬಂದವಳು ಎಂದುಕೊಂಡಳು ನಮ್ಮವಳು. ತುಟಿಯ ಮೇಲೆ ಬೆರಳಿಟ್ಟಳು. ಇಷ್ಟು ದಿನದ ಪ್ರಾಕ್ಟೀಸು, ಕೇಳಬೇಕೆ?

"ಶ್... ಮೆಲ್ಲಗೆ. ನೈಟ್ ಡ್ಯೂಟಿ ಮುಗಿಸಿ ಈಗಷ್ಟೇ ಮಲಗಿದ್ದಾರೆ."

"ಹೌದಾ? ಎಲ್ಲಿ ಡ್ಯೂಟಿ?"

"ಗೋಡೌನಲ್ಲಿ. ಪರ್ಮನೆಂಟು."

ಪರ್ಮನೆಂಟು! ಇಷ್ಟು ದಿನ ಇಲ್ಲದ್ದನ್ನು ಇವತ್ತೇ ಸೇರಿಸಬೇಕಿತ್ತೇ?

ಆ ಹೆಂಗಸು ಕುತ್ತಿಗೆಯ ಕಾರ್ಡು ಎತ್ತಿ ತೋರಿಸಿದಳು. ಭತ್ಯೆ ಇಲಾಖೆ. ತಪಾಸಣೆ. ಯಾರೂ ದೂರು ಕೊಟ್ಟಿರಲಿಲ್ಲ, ಎಲ್ಲರ ಮನೆಗೂ ಸರದಿಯಲ್ಲಿ ಬರುವುದಂತೆ. ನಮ್ಮ ಮೇಲೆ ದೂರು ಕೊಟ್ಟವರು ನಾವೇ.

ಮಗಳು ಬಿಳಿಚಿಹೋದಳು. "ಇಲ್ಲ ಮೇಡಂ, ಕೆಲಸ ಇಲ್ಲ, ಸುಮ್ನೆ ಸುಳ್ಳು ಹೇಳ್ದೆ..."

"ಆಗ ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ? ನನಗೆ ಹೇಗೆ ಗೊತ್ತಾಗಬೇಕು?"

ತಪ್ಪೇನು ಕೇಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಇವತ್ತಿಂದ ಭತ್ಯೆ ತಡೆ. ಶುಕ್ರವಾರ ಮತ್ತೆ ಬಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಾಳೆ. ಕೆಲಸವಿದೆ ಎಂದು ಅವರು ಹೇಳಿದರೆ ಭತ್ಯೆ ರದ್ದು, ಇದುವರೆಗೆ ತೆಗೆದುಕೊಂಡದ್ದನ್ನೂ ವಾಪಸ್ ಕಟ್ಟಬೇಕು.

ಅಕ್ಕಪಕ್ಕದವರು ಏನು ಹೇಳುತ್ತಾರೆ? ನಾವು ಕಲಿಸಿಕೊಟ್ಟದ್ದನ್ನೇ ಹೇಳುತ್ತಾರೆ.

ಅದೇ ದಿನ. ರಾತ್ರಿ.

ಎಂಟು ಹೊಡೆಯಿತು. ಅಳಿಯ ಬೂಟಿಗೆ ಕಾಲು ತೂರಿಸುತ್ತಿದ್ದಾನೆ! "ಇವತ್ತು ಹೋಗದಿದ್ರೆ ಎದುರುಮನೆಯವರು ಕೇಳ್ತಾರಲ್ಲ ಅತ್ತೆ" ಎಂದ. ಡಬ್ಬಿ ಕಿತ್ತುಕೊಂಡು ಬಟ್ಟೆ ಒಣಹಾಕುವ ಕ್ಲಿಪ್ಪು ತುಂಬಿಸಿಟ್ಟೆ.

"ನಿನ್ನ ನೈಟ್ ಶಿಫ್ಟಿಗೆ ರಾಜೀನಾಮೆ ಕೊಟ್ಟಿದ್ದೀನಿ. ಬೆಳಿಗ್ಗೆಯಿಂದ ಡೇ ಶಿಫ್ಟು."

ಮಾರ್ಚ್ ೧೦.

ಮೊದಲು ಪರದೆ ಕಿತ್ತೆ. ಸರಳು ಸಮೇತ ಬಂತು. ಬಿಸಿಲಿಗೆ ಮೊಮ್ಮಗಳು, "ಅಜ್ಜೀ, ನಮ್ಮನೆ ಗೋಡೆ ಹಸಿರಾ?" ಎಂದಳು.

ಆಮೇಲೆ ಕುರ್ಚಿ. ಲಿಫ್ಟ್ ಕೆಟ್ಟಿದೆ, ಮೇಲಿನ ಮಹಡಿಯವರೆಲ್ಲ ನಮ್ಮ ಬಾಗಿಲ ಮುಂದೆಯೇ ಇಳಿಯಬೇಕು. ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತಿಗೆ ಕುರ್ಚಿ ಬಾಗಿಲಾಚೆ ಹಾಕಿದೆ. ಅಳಿಯನಿಗೆ ಕೂರು ಎಂದೆ.

"ಅಮ್ಮಾ, ಮರ್ಯಾದೆ ಹೋಗುತ್ತೆ!" ಮಗಳು ಪಿಸುಗುಟ್ಟಿದಳು. ಪಿಸುಗುಟ್ಟಿ ಪಿಸುಗುಟ್ಟಿ ಅವಳ ಗಂಟಲೇ ಹೋಗಿದೆ.

"ಹೋಗ್ಲಿ. ಭತ್ಯೆ ಹೋದ್ರೆ ಮರ್ಯಾದೆ ಬೇಯಿಸಿ ಹಾಕ್ತೀಯಾ?"

ಅಳಿಯ ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗೆ ಕೂತ. ಎರಡೂ ಕೈ ಮಂಡಿಯ ಮೇಲೆ. "ಪೇಪರಾದ್ರೂ ಕೊಡಿ ಅತ್ತೆ."

"ಬೇಡ. ಓದಿದ್ರೆ ಏನೋ ಮಾಡ್ತಿರೋ ಹಾಗೆ ಕಾಣುತ್ತೆ. ಸುಮ್ನೆ ಕೂತ್ಕೋ."

ನಾನು ಬಾಗಿಲು ಬಾಗಿಲಿಗೆ ಹೋದೆ. "ನನ್ನ ಅಳಿಯನಿಗೆ ಕೆಲಸ ಇಲ್ಲ. ವರ್ಷದಿಂದ ಇಲ್ಲ. ಶುಕ್ರವಾರ ಕೇಳೋಕೆ ಬರ್ತಾರೆ, ಇದ್ದದ್ದು ಇದ್ದ ಹಾಗೆ ಹೇಳಿ." ಕೆಲವರು ಹೂಂ ಎಂದರು. ಕೆಲವರು ಸಾಲ ಕೇಳಲು ಬಂದೆನೇನೋ ಎಂಬಂತೆ ಬಾಗಿಲು ಹಾಕಿಕೊಂಡರು.

ಕೆಳಮನೆಯ ಟೈಲರಮ್ಮ ಮಷಿನ್ನಿನಿಂದ ತಲೆ ಎತ್ತದೆ, "ಗೊತ್ತು ಬಿಡಮ್ಮ" ಎಂದಳು. ಅವಳ ಮಷಿನ್ನು ಹಿಂದಿನ ಮೆಟ್ಟಿಲ ಕಿಟಕಿಯ ಪಕ್ಕ. "ದಿನಾ ಬೂಟು ಕೈಯಲ್ಲಿ ಹಿಡ್ಕೊಂಡು ಬರ್ತಿದ್ರಲ್ಲ. ಕೇಳಿದ್ರೆ ನಿಮ್ಮ ಹುಡುಗಿ ನೊಂದ್ಕೋತಾಳೆ ಅಂತ ಸುಮ್ನಿದ್ದೆ."

ಇಸ್ತ್ರಿ ನಂಬಲಿಲ್ಲ. "ಯಾರನ್ನ ಮಂಗ ಮಾಡ್ತೀರಿ? ಡಬ್ಬಿ ಹಿಡ್ಕೊಂಡು ಹೋಗೋದನ್ನ ದಿನಾ ನೋಡಿದೀನಿ. ಅಂದ್ರೆ ಅಲ್ಲಿ ಸಂಬಳ, ಇಲ್ಲಿ ಭತ್ಯೆ! ನಾನು ಕಟ್ಟಿದ ಟ್ಯಾಕ್ಸಮ್ಮಾ ಅದು!"

"ಕಾರ್ಖಾನೆಯಲ್ಲಿದ್ದಾಗ ನನ್ನ ಅಳಿಯನ ಸಂಬಳದಿಂದಲೂ ಪ್ರತಿ ತಿಂಗಳು ಹಿಡಿದಿದ್ದಾರೆ. ನಿಮ್ಮ ಪೆನ್ಷನ್ ಏನು ಮರದಿಂದ ಉದುರುತ್ತಾ?"

"ನಾನು ದುಡಿದು ತಗೋತಿರೋದು."

"ಅವನೂ ದುಡಿದವನೇ. ಕಾರ್ಖಾನೆಗೆ ಬೀಗ ಹಾಕಿದ್ದು ಅವನಲ್ಲ."

ಬಾಗಿಲು ಧಡ್ ಎಂದಿತು. ಶುಕ್ರವಾರ ಇವನು ಬಾಯಿ ಬಿಟ್ಟರೆ ನಾವು ಮುಳುಗಿದೆವು.

ಮಾರ್ಚ್ ೧೨.

ಮೂರನೇ ದಿನದ ಕೂರಾಟ. ಮೇಲಿನ ಮಹಡಿಯಿಂದ ಇಳಿಯುತ್ತಿದ್ದ ಒಬ್ಬಳು, "ನಾಚಿಕೆ ಮಾನ ಒಂದೂ ಇಲ್ಲ, ಕೂತು ತಿನ್ನೋದಲ್ಲದೆ ಎಲ್ಲರಿಗೂ ತೋರಿಸ್ಕೊಂಡು ಕೂರ್ತಾರೆ" ಎಂದುಕೊಂಡು ಹೋದಳು. ಅಳಿಯ ಎದ್ದ. ಮುಖ ಕೆಂಪಗೆ. ಒಳಗೆ ಬಂದರೆ ಮತ್ತೆ ಆ ಕೋಣೆ, ಆ ದಿಂಬು. ಮೊಣಕೈಗೆ ಕೈಹಾಕಿ ಕೂರಿಸಿ, ನನ್ನ ಸ್ಟೂಲೂ ತಂದು ಪಕ್ಕಕ್ಕೆ ಹಾಕಿಕೊಂಡೆ. ಇಬ್ಬರೂ ಕೂತೆವು.

ಸ್ವಲ್ಪ ಹೊತ್ತಿಗೆ ಅವನಿಗೆ ಕೆಮ್ಮು ಬಂತು. ಅಭ್ಯಾಸಬಲ, ಅಂಗಿಯ ತೋಳು ಬಾಯಿಗೆ ಹೋಯಿತು. ಅಲ್ಲೇ ನಿಂತಿತು. ತೋಳು ಇಳಿಸಿ ಕೆಮ್ಮಿದ ನೋಡಿ — ಮೆಟ್ಟಿಲ ಉದ್ದಕ್ಕೂ ಕೆಳಗಿನವರೆಗೆ ಗುಡುಗಿತು.

"ಆಹಾ" ಎಂದ.

ಎರಡು ದಿನ ಹಿಂದಿನ ಮೆಟ್ಟಿಲು ಹಿಡಿದಿದ್ದ ಮಗಳು ಲಾಂಡ್ರಿಗೆ ಇವತ್ತು ಮುಂದಿನ ಮೆಟ್ಟಿಲಿಂದಲೇ ಹೋದಳು. ತಲೆ ತಗ್ಗಿಸಿಕೊಂಡು, ಆದರೂ.

ಮಾರ್ಚ್ ೧೩. ಶುಕ್ರವಾರ.

ಬಂದಳು. ತಪಾಸಣೆಯವಳು ಒಳಗೆ ಬರಲಿಲ್ಲ, ಕುರ್ಚಿಯ ಪಕ್ಕದಲ್ಲೇ ನಿಂತು ಎದುರುಮನೆ ತಟ್ಟಿದಳು. ಇಸ್ತ್ರಿ ಹೊಸ ಮಡಿಕೆಯ ಶರ್ಟಿನಲ್ಲಿ ಸಿದ್ಧನಾಗಿದ್ದ.

"ಇವರಿಗೆ ಕೆಲಸ ಇದೆಯಾ?"

"ಇಲ್ದೆ ಏನು? ದಿನಾ ರಾತ್ರಿ ಎಂಟಕ್ಕೆ ಡಬ್ಬಿ ಹಿಡ್ಕೊಂಡು ಹೋಗೋದನ್ನ ಕಣ್ಣಾರೆ ನೋಡಿದೀನಿ."

ಅವಳು ಬರೆದುಕೊಂಡಳು.

ಕೆಳಗಿನಿಂದ ಟೈಲರಮ್ಮನ ದನಿ: "ನೀವು ಹೋಗೋದು ನೋಡಿದ್ರಿ ಸ್ವಾಮಿ, ವಾಪಸ್ ಬರೋದು ನಾನು ನೋಡಿದೀನಿ. ನೀವು ಬಾಗಿಲು ಹಾಕೋ ಹೊತ್ತಿಗೆ ಇವರು ಹಿಂದಿನ ಮೆಟ್ಟಿಲು ಹತ್ತಿರ್ತಿದ್ರು. ಅಳತೆ ಟೇಪು ಕುತ್ತಿಗೆಗೆ ಹಾಕ್ಕೊಂಡು ಪ್ರಮಾಣ ಮಾಡ್ಲಾ?"

ಇಸ್ತ್ರಿಯ ಮುಖ ನೋಡಬೇಕಿತ್ತು. "ಅಂದ್ರೆ... ನಾನು ದಿನಾ ಹೊಗಳಿದ್ದು..." ಕಿವಿ ಕೆಂಪಾಯಿತು. "ಹಾಗಾದ್ರೆ ಬರ್ಕೊಳ್ಳಿ ಮೇಡಂ! ಕೆಲಸವೂ ಇಲ್ಲ, ಮಣ್ಣೂ ಇಲ್ಲ! ನಾಲ್ಕು ದಿನದಿಂದ ದಾರಿಗಡ್ಡ ಕೂತಿದ್ದಾನೆ. ಸೋಮಾರಿ!"

ಬೈಗುಳ ಕೇಳಿ ನನ್ನ ಎದೆ ಹಗುರಾಗಿದ್ದು ಇದೇ ಮೊದಲು.

ತಪಾಸಣೆಯವಳು ಮಗಳ ಕಡೆ ತಿರುಗಿದಳು. "ಹಾಗಿದ್ರೆ ಅವತ್ತು ಯಾಕೆ ಹಾಗೆ ಹೇಳಿದ್ರಿ?"

ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬಾಯಿ ತೆರೆದಳು, ಮೊದಲು ಬರೀ ಗಾಳಿ ಬಂತು. ಆಮೇಲೆ ಬಂತು, ಮಾತು.

"ಇವರಿಗೆಲ್ಲ ಹೆದರಿ! ಕೆಲಸ ಹೋಯ್ತು ಅಂದ್ರೆ ಕಳ್ಳತನ ಮಾಡಿದ ಹಾಗೆ ನೋಡ್ತಾರೆ. ನನ್ನ ಗಂಡ ತಮ್ಮ ಮನೇಲೇ ದಿಂಬಿಗೆ ಕೆಮ್ಮಿದಾರೆ ಮೇಡಂ, ದಿಂಬಿಗೆ! ಬರ್ಕೊಳ್ಳಿ ಅದನ್ನೂ!"

ಮೆಟ್ಟಿಲ ಮೇಲೂ ಕೆಳಗೂ ಬಾಗಿಲುಗಳು ತೆರೆದಿದ್ದವು.

ಅಳಿಯ ಕುರ್ಚಿಯಿಂದ ಎದ್ದ. ಮೆಲ್ಲಗೆ ಅಂದ. "ಸೋಮಾರಿ ಅಂತ ಬರೀಬೇಡಿ. ಕೆಲಸ ಇಲ್ಲ ಅಂತ ಬರೀರಿ. ಅವೆರಡೂ ಬೇರೆ ಬೇರೆ."

ಅವಳು ಬರೆದಳು. ಓದಿ ಹೇಳು ತಾಯಿ ಎಂದೆ. ಓದಿದಳು: "ಕೆಲಸ ಇಲ್ಲ." ಅಷ್ಟೇ. ಸಾಕು.

ಮಾರ್ಚ್ ೨೯.

ಇಷ್ಟು ದಿನ ಬರೆಯಲಿಲ್ಲ. ಮಾತು ಬಾಯಲ್ಲೇ ಖರ್ಚಾಗುತ್ತಿತ್ತು, ಪುಸ್ತಕಕ್ಕೆ ಉಳಿಯಲಿಲ್ಲ. ಹಾಲು ನಿಲ್ಲಿಸಿದ್ದೆವು. ಕಪ್ಪು ಚಹಾ ಅಭ್ಯಾಸವಾಯಿತು. ಮಗಳು ಎರಡು ಪಾಳಿ ಮಾಡಿದಳು, ಕೈಯೆಲ್ಲ ಸೋಪಿಗೆ ಬಿರಿದಿದೆ.

ಇವತ್ತು ಅಳಿಯನ ಮೊಬೈಲಿಗೆ ಮೆಸೇಜು. ಭತ್ಯೆ ಮುಂದುವರಿಯುತ್ತದೆ. ಆದರೆ ಒಂದು ತಿಂಗಳದ್ದು ಕಡಿತ — ತಪ್ಪು ಮಾಹಿತಿ ಕೊಟ್ಟದ್ದಕ್ಕೆ ದಂಡ. ಮಗಳು ಅತ್ತಳು. ಖುಷಿಗೋ ದಂಡಕ್ಕೋ, ಕೇಳಲಿಲ್ಲ.

ಸುಳ್ಳು ಹೇಳಿದವಳಿಗೆ ದಂಡ. ಸುಳ್ಳು ಹೇಳಿಸಿದವರಿಗೆ? ಅವರ ಮೊಬೈಲಿಗೆ ಮೆಸೇಜು ಯಾವಾಗ ಬರುತ್ತದೆ?

ಅಳಿಯ ಮೊನ್ನೆ ಒಂದು ಇಂಟರ್‌ವ್ಯೂಗೆ ಹೋಗಿದ್ದ. ಬೂಟು ಕಾಲಲ್ಲೇ, ಮುಂದಿನ ಮೆಟ್ಟಿಲಿಂದಲೇ. ವಾಪಸ್ ಹತ್ತುವಾಗ ಟೈಲರಮ್ಮ ಏನಾಯ್ತು ಎಂದಳು. "ಸಿಗಲಿಲ್ಲ" ಎಂದ. ಇಡೀ ಮೆಟ್ಟಿಲಿಗೆ ಕೇಳುವಷ್ಟು ಜೋರಾಗಿ. ಇಸ್ತ್ರಿ ಬಾಗಿಲ ಸಂದಿಯಲ್ಲಿದ್ದ. ನಮಸ್ಕಾರವನ್ನೂ ಹೇಳಲಿಲ್ಲ. ಬೇಡ, ಇಟ್ಟುಕೊಳ್ಳಲಿ.

ಕುರ್ಚಿ ಹೊರಗೇ ಇದೆ.

ಏಪ್ರಿಲ್ ೨. ಮಧ್ಯಾಹ್ನ.

ರೇಡಿಯೋ ಹಾಕಿದ್ದೇನೆ. ಯಾರೋ ಬೆಲೆ ಏರಿಕೆಯ ಬಗ್ಗೆ ಕೊರೆಯುತ್ತಿದ್ದಾನೆ, ಏನೂ ಕೇಳಬೇಕಾದ್ದಿಲ್ಲ, ಆದರೂ ಇರಲಿ. ಪಾತ್ರೆ ದಬದಬ ತೊಳೆದೆ. ಅಳಿಯ ಕೋಣೆಯಲ್ಲಿ ಅಡ್ಡಾಗಿದ್ದಾನೆ — ಇವತ್ತು ನಿಜವಾದ ನಿದ್ದೆ, ಗೊರಕೆ ಅಡುಗೆಮನೆಯವರೆಗೆ.

ಬಾಗಿಲು ತಟ್ಟುತ್ತಿದ್ದಾರೆ. ಎರಡು ಸಲ. ಅಧಿಕಾರದ ತಟ್ಟು, ನೆರೆಯವರದ್ದಲ್ಲ. ಮಗಳು ಕೈ ಒರೆಸಿಕೊಂಡು ಹೋದಳು. ಬಾಗಿಲು ಗೋಡೆಗೆ ಬಡಿಯುವ ಹಾಗೆ ಪೂರ್ತಿ ತೆರೆದಳು. ಬೆರಳು ತುಟಿಗೆ ಹೋಗಲಿಲ್ಲ.

"ಮಲಗಿದ್ದಾರೆ!" ಎಂದಳು. ಎಂಥ ದನಿ! ನನ್ನದೇ. "ಡ್ಯೂಟಿ ಗೀಟಿ ಏನಿಲ್ಲ, ಕೆಲಸ ಇಲ್ಲ, ಊಟ ಮಾಡಿ ಮಲಗಿದ್ದಾರೆ! ಬನ್ನಿ ಒಳಗೆ, ಎಬ್ಬಿಸ್ತೀನಿ!"

ಗೊರಕೆ ನಿಂತಿತು. ಯಾರು ಬಂದಿದ್ದಾರೋ, ಬಾಗಿಲ ಬೆಳಕಿಗೆ ಮುಖ ಕಾಣುತ್ತಿಲ್ಲ. ರೇಡಿಯೋ ಆರಿಸಲೇ? ಯಾಕೆ ಆರಿಸಬೇಕು, ಅವರೇ ಜೋರಾಗಿ ಮಾತಾಡಲಿ.