ಖಾಲಿ ಎಂದು ಬರೆದುಕೊಂಡ ಕಣಿವೆ

ಬುದ್ಧನ ಪವಿತ್ರ ತಿಂಗಳಾದ ಸಗಾ ದಾವಾದ ಹುಣ್ಣಿಮೆ.

ಇಂದು ಅನ್ನ, ನೀರು, ಮಾತು ಮೂರನ್ನೂ ಬಿಟ್ಟ ಉಪವಾಸ. ಬೆಳಿಗ್ಗೆ ಮೇಕೆಗಳ ಹಾಲು ಕರೆದು, ಬುದ್ಧನ ಮುಂದಿನ ಏಳು ಬಟ್ಟಲಿಗೆ ನೀರು ತುಂಬಿದೆ. ಅಷ್ಟರಲ್ಲಿ ನಮ್ಮ ಸೀಮೆಯ ಭೂಗೋಳ, ಇತಿಹಾಸ ಬರೆಯುವ ಅಧಿಕಾರಿ ಬಂದ. ಜೊತೆಗೆ ಊರ ಮುಖ್ಯಸ್ಥ ಸ್ಪಲ್ಜೋರ್.

"ಗಡಿ ಹತ್ರದ ಮೇಲಿನ ಕಣಿವೇಲಿ ಯಾರಾದ್ರೂ ಇದ್ರಾ, ಅಮ್ಮಾ?" ಅಧಿಕಾರಿ ಕೇಳಿದ.

ನಾನು ಹುಟ್ಟಿದ್ದೇ ಅಲ್ಲಿ. ಎದೆ ಮುಟ್ಟಿ ತೋರಿಸಿದೆ. ಸ್ಪಲ್ಜೋರ್ ನಕ್ಕ.

"ನಮ್ಮಕ್ಕಂಗೆ ಇವತ್ತು ಬಾಯಿಗೆ ಬೀಗ, ಸಾರ್. ವರ್ಷಕ್ಕೊಂದಿನ ಊರಿಗೇ ನೆಮ್ಮದಿ! ಅಲ್ಲೇನಿದೆ, ಬರೀ ಗಾಳಿ. ಖಾಲಿ ಅಂತ ಬರ್ಕೊಳ್ಳಿ."

ನಾನು ಪೆನ್ನು ಹುಡುಕುವಷ್ಟರಲ್ಲಿ ಬರೆದುಕೊಂಡು ಹೊರಟೇಬಿಟ್ಟರು.

ಗಾಳಿಯಂತೆ! ಹಿಮದಲ್ಲಿ ಸಿಕ್ಕಿಬಿದ್ದ ಈ ಸ್ಪಲ್ಜೋರನ ಅಪ್ಪ ಜೀವ ಉಳಿಸಿಕೊಂಡಿದ್ದು ಅಲ್ಲಿನ ನಮ್ಮ ಒಲೆಯ ಪಕ್ಕದಲ್ಲಿ. ಖಾಲಿ ಎಂದು ಅಚ್ಚಾದರೆ ನಾಳೆ ನಮ್ಮ ಮೇಕೆಗಳನ್ನು ಅಲ್ಲಿ ಮೇಯಲು ಯಾರು ಬಿಡುತ್ತಾರೆ?

ಉಪವಾಸದ ದಿನ ಸಿಟ್ಟು ಪಾಪ. ಗೊತ್ತು. ಇಳಿಯುತ್ತಿಲ್ಲ.

ಅಲ್ಲಿದ್ದ ಹದಿನಾಲ್ಕು ಒಲೆಗಳವರ ಹೆಸರನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ರಾತ್ರಿ ಊರಲ್ಲೇ ಉಳಿದ ಅಧಿಕಾರಿಯ ಜೀಪು ಬೆಳಕು ಹರಿಯುವ ಮುಂಚೆ ಹೊರಡುತ್ತದೆ. ನನ್ನ ಮೌನ ಮುಗಿಯುವುದು ಸೂರ್ಯ ಬಂದ ಮೇಲೆ. ಸಾಷ್ಟಾಂಗ ಹಾಕಿ ಹಾಕಿ ಮೊಣಕಾಲೂ ಏಳುತ್ತಿಲ್ಲ. ಕಿಟಕಿಯಲ್ಲಿ ದೀಪ ಇಟ್ಟಿದ್ದೇನೆ. ಪಕ್ಕದ ಮನೆಯ ಯಾಂಗ್‌ಜೋರ್, ದೀಪ ನೋಡಿ ಬಾರೇ, ನನ್ನ ಉತ್ತರ ಅಧಿಕಾರಿಗೆ ತೆಗೆದುಕೊಂಡು ಹೋಗೇ.