ವಟ್ವಾ ಗೇಟಿನ ಪಿನ್ ಪುಸ್ತಕ

ಅಹಮದಾಬಾದಿನ ಪ್ರಾದೇಶಿಕ ಕಚೇರಿಯಲ್ಲಿ ಕುಳಿತು ನಮ್ಮೆಲ್ಲರ ಫೋನುಗಳನ್ನು ಕಾಯುತ್ತಿರುವ ಮಾಹಿತಿ ಭದ್ರತಾ ಅಧಿಕಾರಿಗಳೇ,

ಕಚೇರಿ ಫೋನಿನ ಪಿನ್ನನ್ನು ಯಾರಿಗೂ ಹೇಳದೆ ಇಟ್ಟುಕೊಂಡ ಅಪರಾಧಕ್ಕಾಗಿ ತಾವು ನನ್ನ ಸಹೋದ್ಯೋಗಿ ವಿಂಧ್ಯಾಳಿಗೆ ಮೆಮೊ ಕೊಟ್ಟಿದ್ದೀರಿ. ಅದೇ ವಾರ, ನನ್ನ ಪಿನ್ನನ್ನು ಕಾರ್ಖಾನೆಯ ಕಾವಲುಗಾರನಿಗೆ ಒಪ್ಪಿಸಿದ್ದ ನನಗೆ ‘ಭದ್ರತಾ ನಿಷ್ಠ’ ಎಂಬ ಪ್ರಶಸ್ತಿಪತ್ರ ಕಳಿಸಿದ್ದೀರಿ. ಇಂಗ್ಲಿಷಿನಲ್ಲಿ ಎರಡು ಸಲ, ಹಿಂದಿಯಲ್ಲಿ ಒಂದು ಸಲ ನಿಮಗೆ ಬರೆದೆ. ಮೂರು ಸಲವೂ ಯಂತ್ರವೊಂದು ಧನ್ಯವಾದ ಹೇಳಿತು. ತಾವೂ ಕನ್ನಡದವರೇ ಅಂತ ಗೊತ್ತಾದ ಮೇಲೆ, ಇಲ್ಲಿನ ಕನ್ನಡ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ಓದುವವರಿಗೆ ಮೊದಲು ನಮ್ಮ ಕೆಲಸ ಹೇಳಿಬಿಡುತ್ತೇನೆ. ನಾವು ವಿಮಾ ಕಂಪನಿಯ ತಪಾಸಕರು. ಊರಂಚಿನ ವಟ್ವಾದಲ್ಲಿ ಒಂದೇ ಗೇಟಿನೊಳಗಿರುವ ಬಣ್ಣದ ಕಾರ್ಖಾನೆಗಳನ್ನು ಹೊಕ್ಕು, ಬೆಂಕಿ ಬಿದ್ದರೆ ಏನೇನು ಹೋದೀತು ಎಂದು ನೋಡಿ ಬರುವವರು. ಒಳಗಿನ ಗಾಳಿಯಲ್ಲಿ ಒಂದು ಕಿಡಿಗೆ ಹೊತ್ತಿಕೊಳ್ಳುವ ಆವಿ ಇರುತ್ತದೆ. ಆದ್ದರಿಂದ ಫೋನನ್ನು ಗೇಟಿನ ಮರದ ಗೂಡಿನಲ್ಲಿಟ್ಟು, ಕಾಗದ ಪೆನ್ನು ಹಿಡಿದು ಒಳಗೆ ಹೋಗಬೇಕು. ಫೋನ್ ಒಳಗೆ ಬಿಟ್ಟರೆ ವಿಮೆ ರದ್ದು ಎಂಬ ಷರತ್ತು ಬರೆದದ್ದು ನಮ್ಮ ಕಂಪನಿಯೇ.

ಹೀಗಿರುವಾಗ ತಮ್ಮ ಆ್ಯಪ್ ಬಂತು. ಅರ್ಧ ಗಂಟೆಗೊಮ್ಮೆ ಫೋನು ಕಿರುಚುತ್ತದೆ: ‘ಫೋನ್ ನಿಮ್ಮ ಕೈಯಲ್ಲೇ ಇದೆಯೇ?’ ಪಿನ್ ಒತ್ತಿ ಹೌದು ಎನ್ನಬೇಕು. ಒತ್ತದಿದ್ದರೆ ಆ ದಿನಕ್ಕೊಂದು ಕೆಂಪು ಗುರುತು. ಮೂರು ಕೆಂಪಿಗೆ ಮೆಮೊ. ಆ ಫೋನಿನಲ್ಲಿ ನೂರಾರು ಗ್ರಾಹಕರ ಕಾಗದಪತ್ರಗಳಿವೆ, ಕಾಯಲೇಬೇಕು, ಒಪ್ಪಿದೆ. ಆದರೆ ಎರಡು ತಾಸು ಕಾರ್ಖಾನೆಯೊಳಗಿರುವ ಮನುಷ್ಯ ಗೂಡಿನಲ್ಲಿರುವ ಫೋನಿಗೆ ಹೌದು ಅನ್ನುವುದು ಹೇಗೆ? ಇದನ್ನು ಯೋಚಿಸುವ ಕಷ್ಟವನ್ನು ತಾವು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡವನು ಗೇಟಿನ ಕಾವಲುಗಾರ ಜೀವಣಭಾಯ್. ನಂಬರು ಕೊಟ್ಟು ಹೋಗಿ ಸಾಹೇಬ್, ನಾನು ಒತ್ತುತ್ತೇನೆ ಅಂದ. ಅವನ ಹತ್ತಿರ ಒಂದು ನೀಲಿ ರಟ್ಟಿನ ಪುಸ್ತಕವಿದೆ. ಸಾಲಿಗೊಂದು ಹೆಸರು, ಫೋನಿನ ಬಣ್ಣ, ಪಿನ್. ಅಕ್ಷರ ಎಷ್ಟು ಸ್ಪಷ್ಟವೆಂದರೆ, ಗೇಟಿನಲ್ಲಿ ಚಹಾ ಕುಡಿಯುವ ಲಾರಿ ಚಾಲಕರೂ ಕನ್ನಡಕವಿಲ್ಲದೆ ಓದಬಹುದು.

ನಮ್ಮೂರಲ್ಲಿ ದೊಡ್ಡಣ್ಣ ಅಂತ ಒಬ್ಬರಿದ್ದರು. ಜೋಳದ ಕೋಣೆಗೆ ಹುಬ್ಬಳ್ಳಿಯಿಂದ ಅಂಗೈಯಗಲದ ಬೀಗ ತಂದರು. ಕೀಲಿಕೈ ಕಳೆದುಹೋದೀತೆಂದು ಅದನ್ನು ಆ ಬೀಗಕ್ಕೇ ದಾರದಿಂದ ಕಟ್ಟಿ ತೂಗುಬಿಟ್ಟರು. ಊರು ಹತ್ತು ವರ್ಷ ನಕ್ಕಿತು. ಪಾಪ, ಅವರಿಗೆ ಹುದ್ದೆಯಿರಲಿಲ್ಲ. ಇದ್ದಿದ್ದರೆ ಅದನ್ನೇ ಸುತ್ತೋಲೆ ಮಾಡಿ, ದಾರ ಕಟ್ಟದವರಿಗೆ ಮೆಮೊ ಕೊಡುತ್ತಿದ್ದರು.

ವಿಂಧ್ಯಾ ದಾರ ಕಟ್ಟಲಿಲ್ಲ. ವಡೋದರಾದ ಗೋರ್ವಾದಲ್ಲಿ ಬೆಳೆದ ಕನ್ನಡದ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಮೊದಲ ಕೆಂಪು ಬಿದ್ದ ದಿನ ಗೇಟಿನಲ್ಲೇ ನನ್ನನ್ನು ಹಿಡಿದು ಕೇಳಿದಳು, “ಕಾಕಾ, ಪಿನ್ ಕೊಟ್ರೆ ಸೇಫ್ ಅಂತ ಬರುತ್ತೆ, ಕೊಡದಿದ್ರೆ ಅನ್‌ಸೇಫ್ ಅಂತ ಬರುತ್ತೆ. ಯೇ ಕೈಸೀ ಸೇಫ್ಟಿ?”

“ಕೊಟ್ಬಿಡವ್ವಾ, ನೌಕರಿ ಖಾಯಂ ಆಗೋತನಕ” ಅಂದೆ.

“ಯಾರಿಗೂ ಹೇಳಲ್ಲ ಅಂತ ಸೈನ್ ಮಾಡಿದ್ದೀನಿ. ನೀವೂ ಮಾಡಿದ್ರಲ್ಲ, ಕಾಕಾ?”

ಮಾಡಿದ್ದೆ. ಇಪ್ಪತ್ತೆಂಟು ವರ್ಷ ಸರ್ವಿಸಾದ ನಾನು ಎಂದಿನಂತೆ ಫೋನನ್ನು ಜೀವಣಭಾಯ್ ಕೈಗಿಟ್ಟು ಒಳಗೆ ಹೋದೆ.

ಮೂರನೇ ಕೆಂಪಿಗೆ ಅವಳಿಗೆ ಮೆಮೊ ಬಂತು, ‘ಫೋನಿನ ಭದ್ರತೆಯಲ್ಲಿ ಉದಾಸೀನ’ ಎಂದು. ಈ ಮೂವತ್ತನೇ ತಾರೀಖು ಅವಳ ನೌಕರಿ ಖಾಯಂ ಮಾಡುವ ದಿನ. ಮೆಮೊ ಇದ್ದವರನ್ನು ಖಾಯಂ ಮಾಡುವುದಿಲ್ಲ. ಹನ್ನೊಂದು ತಪಾಸಕರಲ್ಲಿ ನಿಮ್ಮ ಫೋನನ್ನು ನಿಜವಾಗಿ ಕಾಪಾಡಿದವಳು ಅವಳೊಬ್ಬಳು, ಮನೆಗೆ ಹೋಗುವವಳೂ ಅವಳೊಬ್ಬಳೇ. ಇದನ್ನು ಯಾವ ಬುದ್ಧಿಗೆ ಸೇರಿಸಬೇಕು, ಸ್ವಾಮೀ?

ಆಕೆಯ ಮೆಮೊವನ್ನು ಮೂವತ್ತರೊಳಗೆ ಹಿಂತೆಗೆದುಕೊಳ್ಳಿ. ನಾವು ಕಾರ್ಖಾನೆಯೊಳಗಿರುವ ಹೊತ್ತು ಆ ಆ್ಯಪಿನ ಬಾಯಿ ಮುಚ್ಚಿಸಿ. ಗೇಟಿಗೆ ಹನ್ನೊಂದು ಕಬ್ಬಿಣದ ಗೂಡು ಮಾಡಿಸಿ, ಬೀಗದ ಕೀಲಿಕೈ ಅವರವರ ಜೇಬಿನಲ್ಲಿರಲಿ. ನನ್ನ ಪ್ರಶಸ್ತಿಪತ್ರವನ್ನು ಅಂಚೆಯಲ್ಲಿ ಮರಳಿಸಿದ್ದೇನೆ. ಜೀವಣಭಾಯ್ ಹೆಸರಿಗೆ ತಿದ್ದಿ ಕೊಡಿ, ಒತ್ತಿದವನು ಅವನು.

ಇನ್ನೊಂದು ಮಾತು. ಹೋದ ತಿಂಗಳು ತಾವು ವಟ್ವಾಕ್ಕೆ ಬಂದು, ಫೋನನ್ನು ಗೂಡಿನಲ್ಲಿಟ್ಟು, ಒಳಗೆ ಎರಡು ತಾಸು ಇದ್ದಿರಿ. ಆದರೂ ಆ್ಯಪಿನ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಒಂದೂ ಕೆಂಪು ಗುರುತಿಲ್ಲ. ನೀಲಿ ಪುಸ್ತಕದ ಹನ್ನೊಂದನೇ ಸಾಲನ್ನು ನಾನು ನೋಡಿದ್ದೇನೆ. ಅಲ್ಲಿರುವ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ, ಅಷ್ಟು ಭದ್ರತೆಯನ್ನು ಆ ಹುಡುಗಿ ನನಗೆ ಕಲಿಸಿದ್ದಾಳೆ. ಇವತ್ತೇ ಬದಲಿಸಿಕೊಳ್ಳಿ. ಹೊಸದನ್ನು ಜೀವಣಭಾಯ್‌ಗೆ ಹೇಳುವ ಮುನ್ನ, ವಿಂಧ್ಯಾಳ ಮೆಮೊವನ್ನು ಒಂದು ಸಲ ಓದಿ.

ಇಂತಿ,
ಅದೇ ಪುಸ್ತಕದ ಏಳನೇ ಸಾಲಿನವನು,
ಬಸವರಾಜ